ಕ್ಯಾಮೆರಾ ಸೆಟ್ಟಿಂಗ್ ಮತ್ತು ಲೆನ್ಸ್: ಹೊಸದಾಗಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿಯಲು ಆರಂಭಿಸಿದವರು ತರಗತಿಯಲ್ಲಿ, ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ಗಳಲ್ಲಿ ಕ್ಯಾಮೆರಾ ಹಿಡಿದು ಸುತ್ತುವ ಬೆಳಗುಗಳಲ್ಲಿ ಹಾಗೂ ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಅವರದೇ ಮಾತಿನಲ್ಲಿ ಇಟ್ಟು ಉತ್ತರಿಸಲಾಗಿದೆ. ತೀರ ಪ್ರಾಥಮಿಕವಾದ ಪ್ರಶ್ನೆಗಳು ಮೊದಲು ಬರುತ್ತವೆ, ಅನುಭವ ಬೇಡುವಂಥವು ನಂತರ ಬರುತ್ತವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಹೆಜ್ಜೆ

ಮಗಳು ಫೋಟೋಗ್ರಫಿ ಕೋರ್ಸ್ ಸೇರಿದ್ದಾಳೆ ಸರ್. ಮೊದಲ ಕ್ಯಾಮೆರಾ ಯಾವುದು ಕೊಡಿಸಲಿ? ಸೆಕೆಂಡ್ ಹ್ಯಾಂಡ್ ತಗೋಬಹುದಾ?

ಧಾರಾಳವಾಗಿ ತೆಗೆದುಕೊಳ್ಳಬಹುದು. ಮೊದಲ ವರ್ಷದ ಕಲಿಕೆಗೆ ಲೆನ್ಸ್ ಬದಲಿಸುವಂತಿರುವ, ಅಪರ್ಚರ್ (ಬೆಳಕು ನುಗ್ಗುವ ಕಿಂಡಿ), ಶಟರ್ (ಬೆಳಕು ಬೀಳುವ ಹೊತ್ತನ್ನು ಗೊತ್ತುಮಾಡುವ ತೆರೆ) ಮತ್ತು ಐಎಸ್‌ಒ (ಬಂದ ಬೆಳಕನ್ನು ಹಿಗ್ಗಿಸುವ ಪ್ರಮಾಣ) ಮೂರನ್ನೂ ನಾವೇ ಹೊಂದಿಸಬಹುದಾದ, ದಾಖಲಾದದ್ದನ್ನು ತಿದ್ದದೆ ಹಾಗೆಯೇ ಇಡುವ ರಾ ಫೈಲ್ ಉಳಿಸುವ ಕ್ಯಾಮೆರಾ ಸಾಕು. ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಕೂಡ ಇವನ್ನೆಲ್ಲ ಮಾಡುತ್ತದೆ. ಕ್ಯಾನನ್ ಮತ್ತು ನಿಕಾನ್ ಕಂಪನಿಗಳು 2018ರಲ್ಲಿ ಆರ್‌ಎಫ್ ಮತ್ತು ಜೆಡ್ ಎಂಬ ಮೌಂಟ್‌ಗಳನ್ನು (ಲೆನ್ಸ್ ಕೂರಿಸುವ ಜೋಡಣೆಗಳನ್ನು) ತಂದ ಮೇಲೆ ಹೊಸ ಲೆನ್ಸ್‌ಗಳು ಬಹುಮಟ್ಟಿಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೇ ಬರುತ್ತಿವೆ. ಆದ್ದರಿಂದ ಡಿಎಸ್‌ಎಲ್‌ಆರ್ ಬಾಡಿಗಳೂ ಅವುಗಳ ಲೆನ್ಸ್‌ಗಳೂ ಕೈಗೆಟಕುವ ಬೆಲೆಗೆ ಸಿಗುತ್ತವೆ, ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಕಾಲ.

ಹಳೆಯದನ್ನು ಕೊಳ್ಳುವಾಗ ಅಂಗಡಿಯಲ್ಲೇ ಕೆಲವು ಪರೀಕ್ಷೆಗಳನ್ನು ಮಾಡಿ. ಶಟರ್ ಎಷ್ಟು ಸಲ ಬಿದ್ದಿದೆಯೆಂದು ಕೇಳಿ. ಆರಂಭಿಕ ಮಟ್ಟದ ಬಾಡಿಗಳ ಶಟರ್ ಸಾಮಾನ್ಯವಾಗಿ ಒಂದು ಲಕ್ಷ ಕ್ಲಿಕ್‌ಗಳ ಆಸುಪಾಸಿನ ಬಾಳಿಕೆಗೆಂದು ತಯಾರಾಗಿರುತ್ತದೆ. ಲೆನ್ಸನ್ನು ಕಳಚಿ, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್, ಆ ಲೆನ್ಸ್ ಬೇಡ. ಅಪರ್ಚರನ್ನು ಎಫ್ 16ಕ್ಕೆ ಇಟ್ಟು ಖಾಲಿ ಆಕಾಶದ ಒಂದು ಚಿತ್ರ ತೆಗೆದರೆ ಬಿಂಬವನ್ನು ದಾಖಲಿಸುವ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ನಿಕಾನ್ ಡಿ3500, ಡಿ5600ರಂಥ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲವಾದ್ದರಿಂದ ಹಳೆಯ ಎಎಫ್-ಡಿ ಲೆನ್ಸ್‌ಗಳು ಅವುಗಳಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅಂಥ ಲೆನ್ಸ್ ಕೊಂಡು ಆಮೇಲೆ ಪರದಾಡುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಸಿಗುತ್ತಾರೆ.

ಮೊಬೈಲ್‌ನಲ್ಲೇ ಇಷ್ಟು ಚೆನ್ನಾಗಿ ಬರುತ್ತಲ್ಲ, ಕ್ಯಾಮೆರಾ ಯಾಕೆ ಕಲೀಬೇಕು?

ಹೆಚ್ಚಿನ ಮೊಬೈಲ್‌ಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ, ಉಳಿದ ತೀರ್ಮಾನಗಳನ್ನು ಅದರ ಪ್ರೊಸೆಸರ್ ಮಾಡಿಬಿಡುತ್ತದೆ. ಚಿತ್ರ ಚೆನ್ನಾಗಿ ಬಂದರೂ ಹೇಗೆ ಬಂತೆಂಬುದು ತೆಗೆದವರಿಗೆ ತಿಳಿಯುವುದಿಲ್ಲ. ಕೆಟ್ಟು ಬಂದಾಗ ಏನನ್ನು ಬದಲಿಸಬೇಕೆಂದೂ ತಿಳಿಯುವುದಿಲ್ಲ. ಚೌಕಟ್ಟು ಕಟ್ಟುವ ಅಭ್ಯಾಸಕ್ಕೆ ಮೊಬೈಲ್ ಬಹಳ ಒಳ್ಳೆಯ ಸಾಧನ, ಅದನ್ನು ಬಿಡಬೇಕಾಗಿಲ್ಲ.

ಡಯಲ್ ಮೇಲೆ ಇಷ್ಟೊಂದು ಅಕ್ಷರಗಳಿವೆ. ಮೊದಲ ದಿನದಿಂದಲೇ ಎಂ ಮೋಡ್‌ನಲ್ಲೇ ತೆಗೀಬೇಕಾ?

ಬೇಕಾಗಿಲ್ಲ. ಎಂ, ಅಂದರೆ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್ ಮೋಡ್‌ನಲ್ಲಿ ತೆಗೆದರೆ ಮಾತ್ರ ನಿಜವಾದ ಛಾಯಾಗ್ರಾಹಕ ಎಂಬ ಮಾತು ವಿದ್ಯಾರ್ಥಿಗಳಲ್ಲಿ ಅನಗತ್ಯ ಅಂಜಿಕೆಯನ್ನು ಹುಟ್ಟಿಸಿದೆ. ಅಪರ್ಚರ್ ಆದ್ಯತೆಯ ಮೋಡ್‌ನಿಂದ ಆರಂಭಿಸಿ. ನಿಕಾನ್ ಮತ್ತು ಸೋನಿಯಲ್ಲಿ ಅದು ಎ, ಕ್ಯಾನನ್‌ನಲ್ಲಿ ಎವಿ. ಅಪರ್ಚರ್ ಅನ್ನು ನೀವು ಆರಿಸುತ್ತೀರಿ, ಶಟರ್ ವೇಗವನ್ನು ಕ್ಯಾಮೆರಾ ಹೊಂದಿಸುತ್ತದೆ, ಅದು ಯಾವ ಸಂಖ್ಯೆಗೆ ಹೋಯಿತೆಂದು ಪ್ರತಿ ಸಲವೂ ನೀವು ಗಮನಿಸುತ್ತೀರಿ. ಬೆಳಕು ನೋಡಿದ ಕೂಡಲೇ ಆ ಸಂಖ್ಯೆಯನ್ನು ಊಹಿಸುವಷ್ಟು ಅಭ್ಯಾಸವಾದ ಮೇಲೆ ಎಂ ಮೋಡ್ ಕಷ್ಟವೆನಿಸುವುದಿಲ್ಲ. ಬೆಳಕು ಬದಲಾಗದ ಜಾಗದಲ್ಲಿ ಎಂ ಬಹಳ ಅನುಕೂಲ. ಮೋಡ ಸರಿದಂತೆಲ್ಲ ಬೆಳಕು ಬದಲಾಗುವ ಜೂನ್-ಜುಲೈ ತಿಂಗಳ ಬೀದಿಯಲ್ಲಿ ಎ ಅಥವಾ ಎವಿ ಮೋಡೇ ವಾಸಿ.

## ಬೆಳಕಿನ ಲೆಕ್ಕ

ಅಪರ್ಚರ್ ನಂಬರ್ ದೊಡ್ಡದಾದರೆ ತೂತು ಚಿಕ್ಕದು ಅಂತೀರಿ. ಎಷ್ಟು ಸಲ ಕೇಳಿದರೂ ತಲೆಗೆ ಹೋಗ್ತಿಲ್ಲ ಸರ್.

ಅದು ಭಾಗಾಕಾರದ ಫಲ ಎಂದು ತಿಳಿದರೆ ಗೊಂದಲ ಹೋಗುತ್ತದೆ. ಲೆನ್ಸಿನ ಫೋಕಲ್ ಲೆಂತ್ ಅನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆಯನ್ನು) ಬೆಳಕು ನುಗ್ಗುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. 50 ಮಿ.ಮೀ. ಲೆನ್ಸ್‌ನಲ್ಲಿ ಕಿಂಡಿಯ ವ್ಯಾಸ 25 ಮಿ.ಮೀ. ಇದ್ದರೆ ಎಫ್ 2. ಅದೇ ಕಿಂಡಿ ಆರೂಕಾಲು ಮಿ.ಮೀ.ಗೆ ಕುಗ್ಗಿದರೆ ಎಫ್ 8.

1.4, 2, 2.8, 4, 5.6, 8, 11, 16, 22 ಎಂಬ ಸಾಲು ವಿಚಿತ್ರವಾಗಿ ಕಾಣುವುದಕ್ಕೂ ಕಾರಣವಿದೆ. ಒಳಬರುವ ಬೆಳಕು ಕಿಂಡಿಯ ವಿಸ್ತೀರ್ಣವನ್ನು ಅವಲಂಬಿಸಿರುತ್ತದೆ, ವಿಸ್ತೀರ್ಣವು ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಆದ್ದರಿಂದ ಬೆಳಕು ಅರ್ಧವಾಗಬೇಕಾದರೆ ಸಂಖ್ಯೆಯನ್ನು ಎರಡರ ವರ್ಗಮೂಲವಾದ ಸುಮಾರು 1.4ರಿಂದ ಗುಣಿಸಬೇಕು. ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ ಬೆಳಕು ಅರ್ಧವಾಗುತ್ತದೆ, ಹಿಂದೆ ಬಂದರೆ ಇಮ್ಮಡಿಯಾಗುತ್ತದೆ. ಈ ಒಂದು ಹೆಜ್ಜೆಗೇ ಒಂದು ಸ್ಟಾಪ್ ಎನ್ನುತ್ತಾರೆ. ಈ ಸಾಲನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಳ್ಳಿ. ಮುಂದಿನ ಎಲ್ಲ ಲೆಕ್ಕಗಳಿಗೂ ಇದೇ ಆಧಾರ.

ಶಟರ್ ಸ್ಪೀಡ್ ಎಷ್ಟು ಇಟ್ಟರೆ ಫೋಟೋ ಶೇಕ್ ಆಗಲ್ಲ?

ಕ್ಯಾಮೆರಾ ಹಿಡಿದ ಕೈಯ ಅಲುಗಾಟಕ್ಕೂ ಎದುರಿಗಿರುವವರ ಚಲನೆಗೂ ಬೇರೆ ಬೇರೆ ಲೆಕ್ಕವಿದೆ. ಕೈಯ ಅಲುಗಾಟಕ್ಕೆ ಹಳೆಯ ನಿಯಮವೊಂದಿದೆ: ಶಟರ್ ವೇಗದ ಛೇದವು ಲೆನ್ಸಿನ ಫೋಕಲ್ ಲೆಂತ್‌ಗಿಂತ ಕಡಿಮೆಯಾಗಬಾರದು. ವಿದ್ಯಾರ್ಥಿಗಳ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವುದು ಪೂರ್ಣ ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದ್ದರಿಂದ ಅದನ್ನು ಒಂದೂವರೆಯಿಂದ ಗುಣಿಸಿಕೊಳ್ಳಬೇಕು, 200 ಮಿ.ಮೀ. ಲೆನ್ಸ್ ಹಿಡಿದರೆ 1/300 ಸೆಕೆಂಡ್ ಅಥವಾ ಅದಕ್ಕಿಂತ ವೇಗ. ಲೆನ್ಸ್ ಅಥವಾ ಬಾಡಿಯಲ್ಲಿ ಕೈಯ ಅಲುಗಾಟವನ್ನು ಸರಿದೂಗಿಸುವ ಸ್ಟೆಬಿಲೈಸೇಷನ್ ಇದ್ದರೆ ಇದಕ್ಕಿಂತ ನಿಧಾನಕ್ಕೂ ಇಳಿಯಬಹುದು. ಎದುರಿನವರ ಚಲನೆಯನ್ನು ಮಾತ್ರ ಸ್ಟೆಬಿಲೈಸೇಷನ್ ತಡೆಯಲಾರದು. ನಿಂತು ಪೋಸ್ ಕೊಡುವವರಿಗೆ 1/125, ಗಾಂಧಿ ಬಜಾರಿನಲ್ಲಿ ನಡೆದು ಹೋಗುವವರಿಗೆ 1/250, ಓಡುವ ಆಟೋಗೆ 1/500 ಅಥವಾ 1/1000, ಹಾರುವ ಹಕ್ಕಿಗೆ 1/2000 ಎಂದು ಆರಂಭಿಸಿ ಫಲಿತಾಂಶ ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಚಲನೆ ಕಾಣಲೇಬೇಕೆಂದಾದರೆ ಅದೇ ಆಟೋವನ್ನು 1/30ರಲ್ಲಿ, ಅದರ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯಿರಿ. ಆಟೋ ಸ್ಪಷ್ಟವಾಗಿ ಉಳಿದು ಹಿಂದಿನ ಅಂಗಡಿ ಸಾಲು ಗೆರೆಗಳಾಗಿ ಹರಿಯುತ್ತದೆ. ಕ್ಲಿಕ್ ಆದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಹೆಚ್ಚಿನವರ ಚಿತ್ರ ಹಾಳಾಗುವುದು ಅಲ್ಲಿಯೇ.

ಐಎಸ್‌ಒ 100 ಬಿಟ್ಟು ಮೇಲೆ ಹೋದರೆ ಫೋಟೋ ಹಾಳು ಅಂತಾರೆ, ನಿಜವಾ?

ನಿಜವಲ್ಲ. ಚಿತ್ರದಲ್ಲಿ ಕಾಣುವ ಕಾಳುಕಾಳು ನಾಯ್ಸ್‌ಗೆ ಮುಖ್ಯ ಕಾರಣ ಸೆನ್ಸರಿಗೆ ಸಾಕಷ್ಟು ಬೆಳಕು ಸಿಗದಿರುವುದು. ಐಎಸ್‌ಒ ಏರಿಸಿದಾಗ ಬಂದ ಅಲ್ಪ ಬೆಳಕನ್ನೇ ಹಿಗ್ಗಿಸಿ ತೋರಿಸಲಾಗುತ್ತದೆ, ಅದರ ಜೊತೆಗೆ ನಾಯ್ಸ್ ಕೂಡ ಕಣ್ಣಿಗೆ ಬೀಳುತ್ತದೆ. ಐಎಸ್‌ಒ 400ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದ ಚಿತ್ರವು 3200ರಲ್ಲಿ ಸರಿಯಾಗಿ ತೆಗೆದ ಚಿತ್ರಕ್ಕಿಂತ ಸಾಮಾನ್ಯವಾಗಿ ಕೆಟ್ಟದಾಗಿಯೇ ಇರುತ್ತದೆ. ಸ್ವಲ್ಪ ಕಾಳುಕಾಳಾಗಿದ್ದರೂ ಸ್ಪಷ್ಟವಾಗಿರುವ ಚಿತ್ರವನ್ನು ಮುದ್ರಿಸಬಹುದು, ಕೈ ಅಲುಗಿ ಕದಡಿದ ಚಿತ್ರಕ್ಕೆ ಮದ್ದಿಲ್ಲ. ಆಟೋ ಐಎಸ್‌ಒ ಬಳಸಿ, ಅದರ ಗರಿಷ್ಠ ಮಿತಿಯನ್ನು 3200 ಅಥವಾ 6400ಕ್ಕೆ ಕಟ್ಟಿಹಾಕಿ, ಕನಿಷ್ಠ ಶಟರ್ ವೇಗವನ್ನೂ ನಿಗದಿ ಮಾಡಿ.

ಮೂರೂ ಬಿಡಿಬಿಡಿಯಾಗಿ ಅರ್ಥ ಆಯ್ತು. ಒಟ್ಟಿಗೆ ಹೊಂದಿಸೋಕೆ ಹೋದರೆ ಎಲ್ಲ ಕಲಸಿಹೋಗುತ್ತೆ. ಯಾವುದರಿಂದ ಶುರು ಮಾಡಬೇಕು?

ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ ಇದು. ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಎದುರಿನ ದೃಶ್ಯಕ್ಕೆ ಏನು ಬೇಕು ಎಂದು ನಿರ್ಧರಿಸಬೇಕು. ಚಲನೆಯನ್ನು ಹಿಡಿಯಬೇಕೋ ಹರಿಯಬಿಡಬೇಕೋ ಎನ್ನುವುದು ಮುಖ್ಯವಾದರೆ ಶಟರ್ ವೇಗವನ್ನು ಮೊದಲು ಗೊತ್ತುಮಾಡಿ. ಹಿನ್ನೆಲೆ ಎಷ್ಟು ಕಾಣಬೇಕು ಎನ್ನುವುದು ಮುಖ್ಯವಾದರೆ ಅಪರ್ಚರನ್ನು ಮೊದಲು ಗೊತ್ತುಮಾಡಿ. ಒಂದು ನಿಶ್ಚಯವಾದರೆ ಎರಡನೆಯದು ಸುಲಭ, ಕೊರತೆಯನ್ನು ತುಂಬುವ ಕೆಲಸ ಐಎಸ್‌ಒದ್ದು.

ಲಾಲ್‌ಬಾಗಿನ ಬಂಡೆಯ ಮೇಲೆ ನಿರ್ಮಲವಾದ ಬಿಸಿಲಿದೆ ಎಂದುಕೊಳ್ಳಿ. ಫಿಲ್ಮ್ ಕಾಲದಿಂದ ಬಂದಿರುವ ನಿಯಮದ ಪ್ರಕಾರ ಪೂರ್ಣ ಬಿಸಿಲಿನಲ್ಲಿ ಎಫ್ 16 ಇಟ್ಟರೆ ಶಟರ್ ವೇಗದ ಛೇದ ಐಎಸ್‌ಒಗೆ ಸಮನಾಗಿರಬೇಕು. ಐಎಸ್‌ಒ 100ಕ್ಕೆ 1/100, ಅಥವಾ ಅದರ ಪಕ್ಕದ 1/125. ಈಗ ಕಿಂಡಿಯನ್ನು ಒಂದೊಂದೇ ಸ್ಟಾಪ್ ತೆರೆಯುತ್ತಾ ಶಟರನ್ನು ಅಷ್ಟೇ ವೇಗಗೊಳಿಸುತ್ತಾ ಹೋಗಿ: ಎಫ್ 11ಕ್ಕೆ 1/250, ಎಫ್ 8ಕ್ಕೆ 1/500, ಎಫ್ 5.6ಕ್ಕೆ 1/1000, ಎಫ್ 4ಕ್ಕೆ 1/2000, ಎಫ್ 2.8ಕ್ಕೆ 1/4000. ಈ ಆರರಲ್ಲೂ ಸೆನ್ಸರಿಗೆ ಬೀಳುವ ಬೆಳಕು ಒಂದೇ, ಚಿತ್ರಗಳು ಮಾತ್ರ ಬೇರೆ ಬೇರೆ. ಬಂಡೆಯ ಅಂಚಿನಿಂದ ದೂರದ ಕಟ್ಟಡಗಳವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕಾದರೆ ಎಫ್ 11. ಬಂಡೆಯ ಮೇಲೆ ಓಡುವ ಮಗುವನ್ನು ಹಿಡಿಯಬೇಕಾದರೆ ಎಫ್ 5.6ರ ಜೊತೆ 1/1000. ಒಂದೇ ಜಾಗದಲ್ಲಿ ನಿಂತು ಈ ಆರನ್ನೂ ತೆಗೆದು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ತರಗತಿಯ ಉಪನ್ಯಾಸಕ್ಕಿಂತ ಹೆಚ್ಚಿನದು ಮನದಟ್ಟಾಗುತ್ತದೆ.

ಕೆ.ಆರ್. ಮಾರ್ಕೆಟ್‌ನಲ್ಲಿ ಮಲ್ಲಿಗೆ ರಾಶಿ ತೆಗೆದೆ, ಬಿಳಿ ಬದಲು ಬೂದು ಬಂತು. ಕ್ಯಾಮೆರಾ ಕೆಟ್ಟಿದೆಯಾ?

ಕ್ಯಾಮೆರಾ ಸರಿಯಾಗಿಯೇ ಇದೆ. ಒಳಗಿನ ಬೆಳಕು ಅಳೆಯುವ ಮೀಟರಿಗೆ ಹೂವು ಯಾವುದು, ಕಲ್ಲು ಯಾವುದು ಎಂಬುದು ತಿಳಿಯದು. ಎದುರಿಗಿರುವುದೆಲ್ಲ ಸರಾಸರಿ ನಡುಬೂದು ಬಣ್ಣದ್ದು ಎಂದು ಭಾವಿಸಿಯೇ ಅದು ಅಳೆಯುತ್ತದೆ. ಚೌಕಟ್ಟಿನ ತುಂಬ ಮಲ್ಲಿಗೆ ಇದ್ದಾಗ ಬೆಳಕು ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿ ಒತ್ತಿ +1 (ಒಂದು ಸ್ಟಾಪ್ ಹೆಚ್ಚು) ಇಡಿ, ಬಿಳುಪು ಮರಳುತ್ತದೆ. ಇನ್ನೂ ಸಾಲದಿದ್ದರೆ +1.3. ಅಷ್ಟಾದ ಮೇಲೆ ಪರದೆಯಲ್ಲಿ ಹಿಗ್ಗಿಸಿ ನೋಡಿ. ದಾರದ ಸುತ್ತ ಮೊಗ್ಗಿನ ತೊಟ್ಟುಗಳ ತಿಳಿಹಸಿರು, ಎಸಳುಗಳ ನಡುವಿನ ತೆಳು ನೆರಳು ಕಾಣುತ್ತಿದ್ದರೆ ಸರಿ. ಎಲ್ಲ ಒಂದೇ ಬಿಳಿ ಮುದ್ದೆಯಾಗಿದ್ದರೆ ಹೆಚ್ಚಾಗಿದೆ, ಮೂರನೇ ಒಂದು ಸ್ಟಾಪ್ ಹಿಂದೆ ಬನ್ನಿ. ಎಣ್ಣೆ ಹಚ್ಚಿ ಕಪ್ಪಾದ ಕಲ್ಲಿನ ಬಸವನ ವಿಗ್ರಹಕ್ಕೆ ಇದರ ಉಲ್ಟಾ: ಮೀಟರ್ ಅದನ್ನು ಬೂದು ಮಾಡಲು ಹೋಗುತ್ತದೆ, ನೀವು -1 ಇಟ್ಟು ಕಪ್ಪನ್ನು ಕಪ್ಪಾಗಿ ಉಳಿಸಬೇಕು.

ಅದೇ ಮಾರ್ಕೆಟ್‌ನಲ್ಲಿ ಎಲ್ಲರ ಮುಖ ನೀಲಿ ನೀಲಿ ಬರುತ್ತೆ, ವೈಟ್ ಬ್ಯಾಲೆನ್ಸ್ ಏನಿಡಲಿ?

ಅಂಗಡಿಗಳ ಮೇಲೆ ಕಟ್ಟಿದ ನೀಲಿ ಟಾರ್ಪಾಲಿನ್ ಮೂಲಕ ಇಳಿಯುವ ಬೆಳಕೇ ನೀಲಿಯಾಗಿರುತ್ತದೆ. ಟಾರ್ಪಾಲಿನ್ ಕೆಳಗೆ ಒಂದು ಬಿಳಿ ಕಾಗದ ಹಿಡಿದು ಅದರಿಂದ ಕಸ್ಟಮ್ ವೈಟ್ ಬ್ಯಾಲೆನ್ಸ್ (ಆ ಬೆಳಕಿನಲ್ಲಿ ಬಿಳಿ ಯಾವುದೆಂದು ಕ್ಯಾಮೆರಾಗೆ ತಿಳಿಸುವ ಸೆಟ್ಟಿಂಗ್) ಅಳೆದುಕೊಂಡರೆ ಚರ್ಮದ ಬಣ್ಣ ಬಹುಮಟ್ಟಿಗೆ ಮರಳುತ್ತದೆ. ಆದರೆ ಒಂದು ಕೆನ್ನೆಗೆ ಟಾರ್ಪಾಲಿನ್ ಬೆಳಕು, ಇನ್ನೊಂದಕ್ಕೆ ಬಲ್ಬಿನ ಹಳದಿ ಬೆಳಕು ಬೀಳುತ್ತಿದ್ದರೆ ಯಾವ ಸೆಟ್ಟಿಂಗೂ ಎರಡನ್ನೂ ಒಟ್ಟಿಗೆ ಸರಿಮಾಡದು. ಆಗ ಎರಡು ಹೆಜ್ಜೆ ಸರಿದು, ಒಂದೇ ಬಣ್ಣದ ಬೆಳಕು ಬೀಳುವ ಕಡೆಯಿಂದ ತೆಗೆಯುವುದೇ ಪರಿಹಾರ.

ಎಲ್‌ಇಡಿ ದೀಪದ ಕೆಳಗೆ ತೆಗೆದರೆ ಫೋಟೋದಲ್ಲಿ ಅಡ್ಡಪಟ್ಟಿ ಬರುತ್ತೆ, ಯಾಕೆ?

ನಮ್ಮ ವಿದ್ಯುತ್ ಸರಬರಾಜು 50 ಹರ್ಟ್ಸ್‌ನದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪೂರ್ಣ ಮಿನುಗುಗಳೇ ದಾಖಲಾಗಿ ಪಟ್ಟಿ ಮಾಯವಾಗುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುತ್ತಿದ್ದರೆ ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ ನೋಡಿ. ಕೆಲವು ಎಲ್‌ಇಡಿ ಫಲಕಗಳು ಬೇರೆ ವೇಗದಲ್ಲಿ ಮಿನುಗುವುದರಿಂದ ಅವುಗಳ ಮುಂದೆ ವೇಗವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಪರೀಕ್ಷಿಸಬೇಕಾಗುತ್ತದೆ.

## ಲೆನ್ಸ್

ಜೊತೆಗೆ ಬಂದ 18-55 ಕಿಟ್ ಲೆನ್ಸ್ ವೇಸ್ಟ್, ಮಾರಿಬಿಡು ಅಂತ ಫ್ರೆಂಡ್ಸ್ ಹೇಳ್ತಾರೆ. ಏನು ಮಾಡಲಿ?

ಮಾರಬೇಡಿ. ಚಿಕ್ಕಪೇಟೆಯ ಓಣಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದಾಗ 18 ಮಿ.ಮೀ. ಕೈಹಿಡಿಯುತ್ತದೆ, ಅಂಗಡಿಯಾತನ ಮುಖ ತೆಗೆಯಲು 55 ಸಾಕು. ಎಫ್ 8ರಲ್ಲಿ ಈ ಲೆನ್ಸ್ ಕೊಡುವ ಸ್ಪಷ್ಟತೆ ವಿದ್ಯಾರ್ಥಿಯ ಯಾವ ಅಗತ್ಯಕ್ಕೂ ಕಡಿಮೆಯಿಲ್ಲ. ಅದರ ನಿಜವಾದ ಕೊರತೆ ಬೆಳಕಿನದು: 55ಕ್ಕೆ ಜೂಮ್ ಮಾಡಿದಾಗ ಕಿಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ಸಂಜೆಯಾದರೆ ಐಎಸ್‌ಒ ಏರಿಸಲೇಬೇಕಾಗುತ್ತದೆ.

ಎರಡನೆಯ ಲೆನ್ಸ್ ಯಾವುದೆಂದು ಜಾಹೀರಾತನ್ನಾಗಲಿ ಗೆಳೆಯರನ್ನಾಗಲಿ ಕೇಳುವ ಬದಲು ನಿಮ್ಮ ಚಿತ್ರಗಳನ್ನೇ ಕೇಳಿ. ಪ್ರತಿ ಫೈಲಿನ ಮಾಹಿತಿಯಲ್ಲಿ ಅದನ್ನು ಯಾವ ಫೋಕಲ್ ಲೆಂತ್‌ನಲ್ಲಿ ತೆಗೆದದ್ದೆಂದು ದಾಖಲಾಗಿರುತ್ತದೆ. ಒಂದು ಅವಧಿಯ ಚಿತ್ರಗಳನ್ನು ತೆರೆದು ನೋಡಿ. ಹೆಚ್ಚಿನವು 18ರಲ್ಲೇ ಇದ್ದರೆ ನಿಮಗೆ ಬೇಕಾದದ್ದು ಇನ್ನೂ ಅಗಲವಾದ ಲೆನ್ಸ್. 55ಕ್ಕೆ ತಾಗಿ ನಿಂತಿದ್ದರೆ ದೂರದ್ದನ್ನು ಹತ್ತಿರ ತರುವ 70-300 ಅಥವಾ 55-250ರಂಥ ಟೆಲಿ ಲೆನ್ಸ್. 35ರ ಸುತ್ತ ಇದ್ದು ಕತ್ತಲೆಯಲ್ಲಿ ಅಲುಗಿದವೇ ಹೆಚ್ಚಿದ್ದರೆ 35 ಮಿ.ಮೀ. ಎಫ್ 1.8 ಲೆನ್ಸ್. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣ ವ್ಯರ್ಥವಾಗದಿರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

50 ಎಂಎಂ ಲೆನ್ಸ್ ನನ್ನ ಕ್ಯಾಮೆರಾದಲ್ಲಿ 75 ಆಗುತ್ತೆ ಅಂತಾರೆ. ಲೆನ್ಸ್ ಹೇಗೆ ಬದಲಾಗುತ್ತೆ?

ಲೆನ್ಸ್ ಬದಲಾಗುವುದಿಲ್ಲ. ಪೂರ್ಣ ಫ್ರೇಮ್ ಸೆನ್ಸರ್ 36×24 ಮಿ.ಮೀ. ಅಳತೆಯದು, ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿ.ಮೀ. ಲೆನ್ಸ್ ಮೂಡಿಸುವ ಬಿಂಬದ ನಡುಭಾಗ ಮಾತ್ರ ಚಿಕ್ಕ ಸೆನ್ಸರ್ ಮೇಲೆ ಬೀಳುವುದರಿಂದ, ಪೂರ್ಣ ಫ್ರೇಮ್‌ನಲ್ಲಿ 75 ಮಿ.ಮೀ. ಲೆನ್ಸ್ ಕೊಡುವಷ್ಟೇ ಕಿರಿದಾದ ನೋಟ ಸಿಗುತ್ತದೆ. ಕ್ಯಾನನ್ ಎಪಿಎಸ್-ಸಿಯಲ್ಲಿ 1.6ರಿಂದ ಗುಣಿಸಬೇಕು, ಆದ್ದರಿಂದ 80. ಮೊದಲ 50 ಎಫ್ 1.8 ಕೊಂಡವರು ಹತ್ತಕ್ಕೆ ಹನ್ನೆರಡಡಿ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗಿಸಿದರೂ ಮನೆಯವರೆಲ್ಲ ಚೌಕಟ್ಟಿಗೆ ಬರುವುದಿಲ್ಲವೆಂದು ದೂರುವುದು ಇದೇ ಕಾರಣಕ್ಕೆ.

ಹಿನ್ನೆಲೆ ಪೂರ್ತಿ ಬ್ಲರ್ ಆಗಬೇಕು ಅಂದರೆ ಎಫ್ 1.8 ಇಟ್ಟರೆ ಸಾಕಲ್ವಾ?

ಸಾಲದು. ನೀವು ವ್ಯಕ್ತಿಯಿಂದ ಎಷ್ಟು ದೂರದಲ್ಲಿದ್ದೀರಿ, ವ್ಯಕ್ತಿಯ ಹಿಂದೆ ಹಿನ್ನೆಲೆ ಎಷ್ಟು ದೂರದಲ್ಲಿದೆ ಎಂಬವೂ ಅಷ್ಟೇ ಮುಖ್ಯ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್ 1.8ಕ್ಕೆ ಇಟ್ಟು ಎರಡು ಮೀಟರ್ ದೂರದವರನ್ನು ತೆಗೆದರೆ ಸುಮಾರು 11 ಸೆಂ.ಮೀ. ಆಳದಷ್ಟು ಭಾಗ ಸ್ಪಷ್ಟವಾಗಿರುತ್ತದೆ. ಅದೇ ದೂರದಿಂದ ಎಫ್ 8ಕ್ಕೆ ಹೋದರೆ ಅರ್ಧ ಮೀಟರ್. ಎಫ್ 1.8ರಲ್ಲೇ ಒಂದು ಮೀಟರ್‌ಗೆ ಹತ್ತಿರ ಹೋದರೆ ಆಳ ಸುಮಾರು ಮೂರು ಸೆಂ.ಮೀ.ಗೆ ಇಳಿಯುತ್ತದೆ, ಕಣ್ಣಿನ ರೆಪ್ಪೆ ಸ್ಪಷ್ಟವಾಗಿದ್ದರೆ ಕಿವಿಯ ಓಲೆ ಆಗಲೇ ಕರಗಿರುತ್ತದೆ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ತೆಗೆಯುವಾಗ ಎಫ್ 4 ಅಥವಾ 5.6 ಇಡಿ, ಇಲ್ಲವಾದರೆ ಒಬ್ಬರ ಮುಖ ಮಸುಕಾಗುತ್ತದೆ. ಗೋಡೆಗೆ ಒರಗಿ ನಿಂತವರ ಹಿನ್ನೆಲೆ ಯಾವ ಅಪರ್ಚರ್‌ನಲ್ಲೂ ಅಷ್ಟಾಗಿ ಮಸುಕಾಗದು. ಅವರನ್ನು ಗೋಡೆಯಿಂದ ಮುಂದೆ ಕರೆಯಿರಿ.

ವೈಡ್ ಲೆನ್ಸ್‌ನಲ್ಲಿ ಮುಖ ತೆಗೆದರೆ ಮೂಗು ದಪ್ಪ ಬರುತ್ತೆ. ಲೆನ್ಸ್ ದೋಷನಾ?

ಲೆನ್ಸಿಗಿಂತ ಹೆಚ್ಚಾಗಿ ದೂರದ ಪ್ರಭಾವ. 18 ಮಿ.ಮೀ.ನಲ್ಲಿ ಮುಖ ತುಂಬಿಸಲು ನೀವು ತೀರ ಹತ್ತಿರ ಹೋಗಬೇಕಾಗುತ್ತದೆ. ಅಲ್ಲಿಂದ ಮೂಗು ಕಿವಿಗಿಂತ ಎಷ್ಟೋ ಪಾಲು ಹತ್ತಿರವಿರುವುದರಿಂದ ದೊಡ್ಡದಾಗಿ ಕಾಣುತ್ತದೆ. ಎರಡು ಮೀಟರ್ ಹಿಂದೆ ಸರಿದು 55ಕ್ಕೆ ಜೂಮ್ ಮಾಡಿದರೆ ಮುಖ ಸಹಜವಾಗಿ ಬರುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಟಬೂಬಿಯಾ ಅರಳಿದ ರಸ್ತೆಗಳಲ್ಲಿ ಇದೇ ಗುಣವನ್ನು ಅನುಕೂಲಕ್ಕೆ ಬಳಸಬಹುದು. ಮರಗಳ ಸಾಲಿನ ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ನಡುನಡುವೆ ಖಾಲಿ ಜಾಗ ಕಾಣುತ್ತದೆ, ರಸ್ತೆಯ ತುದಿಗೆ ಹೋಗಿ 200 ಮಿ.ಮೀ.ನಲ್ಲಿ ತೆಗೆದರೆ ಮರಗಳು ಒಂದರ ಮೇಲೊಂದು ಒತ್ತಿಕೊಂಡು ಗುಲಾಬಿ ಬಣ್ಣ ಒತ್ತಾಗುತ್ತದೆ.

ಹಕ್ಕಿ ತೆಗೀಬೇಕು ಅಂತ ಆಸೆ. ಎಷ್ಟು ಎಂಎಂ ಲೆನ್ಸ್ ಬೇಕು? ತುಂಬಾ ಖರ್ಚಾಗುತ್ತಾ?

ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಸಮೀಪವೇ ಹೋಗುವುದರಿಂದ 70-300 ಲೆನ್ಸಿನಲ್ಲೇ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳ ಒಳ್ಳೆಯ ಚಿತ್ರಗಳು ಸಿಗುತ್ತವೆ. ದೋಣಿ ಅಲ್ಲಾಡುತ್ತಲೇ ಇರುತ್ತದಾದ್ದರಿಂದ ಶಟರ್ 1/1000ಕ್ಕಿಂತ ಕೆಳಗಿಳಿಯದಿರಲಿ. ನಗರದ ಕೆರೆಗಳಲ್ಲಿ ಹಕ್ಕಿಗಳು ದೂರ ಕೂರುತ್ತವೆ, ಅಲ್ಲಿ 150-600ರಂಥ ಲೆನ್ಸ್ ಬೇಕೆನಿಸುತ್ತದೆ. ಬೆಂಗಳೂರಿನಲ್ಲಿ ಲೆನ್ಸ್‌ಗಳು ದಿನದ ಬಾಡಿಗೆಗೆ ಸಿಗುತ್ತವೆ. ಗುರುತಿನ ಚೀಟಿ ಮತ್ತು ಠೇವಣಿ ಕೇಳುತ್ತಾರೆ. ಒಂದು ವಾರಾಂತ್ಯ ಬಾಡಿಗೆಗೆ ತಂದು ಅದರ ಭಾರ ಹೊತ್ತು ನಡೆದು ನೋಡಿ, ಆಮೇಲೆ ಕೊಳ್ಳುವ ಯೋಚನೆ ಮಾಡಿ. ಪಡೆಯುವಾಗಲೇ ಲೆನ್ಸಿನ ಮುಂದಿನ ಮತ್ತು ಹಿಂದಿನ ಗಾಜುಗಳ ಚಿತ್ರ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಹಿಂದಿರುಗಿಸುವಾಗ ವಾದವಾಗುವುದಿಲ್ಲ.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರು ರೋಲಿಗೆ 36 ಚಿತ್ರಗಳ ಫಿಲ್ಮ್‌ನಲ್ಲಿ ವನ್ಯಜೀವಿಗಳನ್ನು ತೆಗೆದದ್ದು. ಅವರ ಚಿತ್ರಗಳನ್ನು ಹುಡುಕಿ ನೋಡಿ. ಪ್ರಾಣಿಯ ನಡವಳಿಕೆ ಬಲ್ಲವರಿಗೆ ಲೆನ್ಸಿನ ಉದ್ದ ಎರಡನೆಯ ವಿಷಯ. ಗೂಡಿನ ಹತ್ತಿರ ಮಾತ್ರ ಹೋಗಲೇಬೇಡಿ, ತಾಯಿಹಕ್ಕಿ ಗೂಡು ತೊರೆಯುವ ಅಪಾಯವಿದೆ.

ಮಳೆಗಾಲ ಬಂದರೆ ಲೆನ್ಸ್‌ಗೆ ಫಂಗಸ್ ಹಿಡಿಯುತ್ತೆ ಅಂತಾರೆ, ಮನೇಲಿ ಹೇಗೆ ಇಡಬೇಕು?

ಗಾಳಿಯಾಡದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮೀಟರ್, ಇಷ್ಟೇ ಸಾಕು. ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ತಿಂಗಳುಗಟ್ಟಲೆ ಬಿಡುವುದೇ ಫಂಗಸ್‌ಗೆ ಆಹ್ವಾನ. ಫಂಗಸ್ ಬಂದ ಲೆನ್ಸನ್ನು ಇತರ ಲೆನ್ಸ್‌ಗಳ ಜೊತೆ ಇಡಬೇಡಿ.

## ಸ್ವಲ್ಪ ಮುಂದೆ ಹೋದವರಿಗೆ

ಫೋಕಸ್ ಆಯ್ತು ಅಂತ ಬೀಪ್ ಬರುತ್ತೆ, ಮನೇಲಿ ನೋಡಿದರೆ ಹಿಂದಿನ ಗಿಡ ಶಾರ್ಪ್, ಮುಖ ಬ್ಲರ್. ಯಾಕೆ ಹೀಗೆ?

ಫೋಕಸ್ ಬಿಂದುವನ್ನು ಆರಿಸುವ ಕೆಲಸವನ್ನು ಕ್ಯಾಮೆರಾಗೆ ಬಿಟ್ಟಿದ್ದೀರಿ. ಒಂದೇ ಬಿಂದುವಿನ ಆಯ್ಕೆಗೆ ಬದಲಾಯಿಸಿ ಅದನ್ನು ಹತ್ತಿರದ ಕಣ್ಣಿನ ಮೇಲೆ ಇಡಿ. ಕಣ್ಣು ಗುರುತಿಸುವ ಸೌಲಭ್ಯವಿರುವ ಮಿರರ್‌ಲೆಸ್ ಇದ್ದರೆ ಅದನ್ನು ಚಾಲೂ ಮಾಡಿ. ಕುಳಿತವರಿಗೆ ಒಮ್ಮೆ ಫೋಕಸ್ ಮಾಡಿ ಅಲ್ಲೇ ನಿಲ್ಲುವ ಎಎಫ್-ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್. ನಡೆದು ಬರುವವರಿಗೆ ಫೋಕಸ್ ಅವರನ್ನು ಹಿಂಬಾಲಿಸುವ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ. ಕರಗದ ಮೆರವಣಿಗೆಯಂಥ ಕಡೆ ಎಎಫ್-ಎಸ್ ಇಟ್ಟರೆ ಗುಂಡಿ ಒತ್ತುವಷ್ಟರಲ್ಲಿ ಅವರು ಫೋಕಸ್ ದಾಟಿ ಬಂದಿರುತ್ತಾರೆ.

ರವೀಂದ್ರ ಕಲಾಕ್ಷೇತ್ರದಲ್ಲಿ ಅಕ್ಕನ ಭರತನಾಟ್ಯ ಇದೆ. ಫ್ಲಾಶ್ ಇಲ್ಲದೆ ಹೇಗೆ ತೆಗೀಲಿ?

ಫ್ಲಾಶ್ ಬಳಸದಿರುವುದೇ ಸರಿ. ಕಲಾವಿದರ ಕಣ್ಣಿಗೆ ಹಿಂಸೆ, ಬೆಳಕಿನ ವಿನ್ಯಾಸವೂ ಹಾಳು. ಎಂ ಮೋಡ್‌ನಲ್ಲಿ ಎಫ್ 2.8, 1/250, ಐಎಸ್‌ಒ 3200ರಿಂದ ಆರಂಭಿಸಿ. ವೇದಿಕೆಯ ಹಿಂಭಾಗ ಕಪ್ಪಾಗಿರುವುದರಿಂದ ಸಾಮಾನ್ಯ ಮೀಟರಿಂಗ್ ಮುಖವನ್ನು ಬಿಳಿಚಿಸುತ್ತದೆ. ಸಣ್ಣ ಭಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಿಂದ ಮುಖವನ್ನೇ ಅಳೆಯಿರಿ. ಕೆಂಪು ದೀಪ ಬಿದ್ದಾಗ ಕೆಂಪು ಬಣ್ಣವೊಂದೇ ತುಂಬಿ ಮುಖದ ವಿವರಗಳು ಅಳಿಸಿಹೋಗುತ್ತವೆ, ಆಗ ಅರ್ಧ ಸ್ಟಾಪ್ ಕಡಿಮೆ ಮಾಡಿ ಅಥವಾ ಬೆಳಕು ಬದಲಾಗುವವರೆಗೆ ಕಾಯಿರಿ.

ನಿಮ್ಮಲ್ಲಿ ಎಫ್ 5.6ರ ಲೆನ್ಸ್ ಮಾತ್ರ ಇದ್ದರೆ ನೃತ್ಯವನ್ನೇ ಆಶ್ರಯಿಸಬೇಕು. ಜತಿಯ (ತಾಳಕ್ಕೆ ತಕ್ಕ ಹೆಜ್ಜೆಗಳ ಸರಣಿಯ) ಕೊನೆಯಲ್ಲಿ ತೀರ್ಮಾನ ಎಂಬ ಮುಕ್ತಾಯದ ಹೆಜ್ಜೆಗಳು ಮುಗಿದೊಡನೆ ನರ್ತಕಿ ಒಂದು ಭಂಗಿಯಲ್ಲಿ ಕ್ಷಣಕಾಲ ನಿಲ್ಲುತ್ತಾಳೆ. ಗೆಜ್ಜೆಯ ಸದ್ದು ತಟ್ಟನೆ ನಿಲ್ಲುವುದು ನಿಮಗೇ ಕೇಳಿಸುತ್ತದೆ. ಆ ಕ್ಷಣಕ್ಕೆ 1/125 ಸಾಕು. ಅಕ್ಕನ ಅಭ್ಯಾಸವನ್ನು ಮನೆಯಲ್ಲಿ ಮುಂಚೆಯೇ ನೋಡಿದ್ದರೆ ಆ ನಿಲುಗಡೆಗಳು ಎಲ್ಲೆಲ್ಲಿ ಬರುತ್ತವೆಂದು ಗೊತ್ತಿರುತ್ತದೆ, ಅದೇ ನಿಮಗೆ ದೊಡ್ಡ ಅನುಕೂಲ.

ರಾ ಫೈಲ್‌ನಲ್ಲೇ ತೆಗೀಬೇಕಾ? ಕಾರ್ಡ್ ಬೇಗ ತುಂಬುತ್ತೆ.

ಕಲಿಯುವಾಗ ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸಿ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಮಟ್ಟಗಳನ್ನು ಇಟ್ಟುಕೊಂಡರೆ 14 ಬಿಟ್ ರಾ 16,384 ಮಟ್ಟಗಳನ್ನು ಇಟ್ಟುಕೊಳ್ಳುತ್ತದೆ. ಕತ್ತಲಾದ ಭಾಗವನ್ನು ಮೇಲೆತ್ತಲು, ಬಣ್ಣ ತಿದ್ದಲು ಅವಕಾಶ ಬಹಳ. ಪೂರ್ತಿ ಬೆಳ್ಳಗಾಗಿ ಸುಟ್ಟುಹೋದ ಭಾಗವನ್ನು ಮಾತ್ರ ರಾ ಕೂಡ ಮರಳಿ ಕೊಡದು.

ಎಲ್ಲ ಶಾರ್ಪ್ ಬರಲಿ ಅಂತ ಎಫ್ 22 ಇಟ್ಟೆ, ಇನ್ನೂ ಮೆದು ಬಂತು. ಇದೇನು?

ಕಿಂಡಿ ತೀರ ಕಿರಿದಾದಾಗ ಅದರ ಅಂಚಿನಲ್ಲಿ ಬೆಳಕು ಬಾಗಿ ಹರಡುತ್ತದೆ. ಇದನ್ನು ವಿವರ್ತನೆ ಎನ್ನುತ್ತಾರೆ. ಆಗ ಸ್ಪಷ್ಟತೆಯ ಆಳ ಹೆಚ್ಚಿದರೂ ಚಿತ್ರ ಒಟ್ಟಾರೆ ಮೆತ್ತಗಾಗುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್ 11 ದಾಟದಿರಿ. ಹೆಚ್ಚಿನ ಲೆನ್ಸ್‌ಗಳು ಎಫ್ 5.6ರಿಂದ 8ರ ನಡುವೆ ತಮ್ಮ ಅತ್ಯುತ್ತಮವನ್ನು ಕೊಡುತ್ತವೆ.

ಸೆಟ್ಟಿಂಗ್ ಎಲ್ಲ ಸರಿಯಿದೆ ಅಂತ ಟೀಚರ್ರೇ ಹೇಳ್ತಾರೆ. ಆದರೂ ಫೋಟೋ ಸಪ್ಪೆ. ಏನು ತಪ್ಪು?

ಬೆಳಕಿನ ಪ್ರಮಾಣವನ್ನು ಅಳೆದಿದ್ದೀರಿ, ಅದು ಬರುವ ದಿಕ್ಕನ್ನು ಗಮನಿಸಿಲ್ಲ. ನಡುಹಗಲಿನ ಬೆಳಕು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಗುಳಿಗಳನ್ನು ಕಪ್ಪಾಗಿಸುತ್ತದೆ. ಅದೇ ವ್ಯಕ್ತಿಯನ್ನು ಬಾಗಿಲ ಬಳಿ ಪಕ್ಕದ ಬೆಳಕಿಗೆ ನಿಲ್ಲಿಸಿದರೆ ಮುಖಕ್ಕೆ ಆಕಾರ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು, 1959ರ ‘ಕಾಗಜ್ ಕೆ ಫೂಲ್’ ಎಂಬ ಹಿಂದಿ ಸಿನಿಮಾಕ್ಕೆ ಸ್ಟುಡಿಯೋ ಒಳಗೆ ಸೂರ್ಯಕಿರಣದ ಕೋಲು ಬೇಕಾದಾಗ ದೊಡ್ಡ ಕನ್ನಡಿಗಳನ್ನು ಇರಿಸಿ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ನಿಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಬಿಳಿ ಥರ್ಮಾಕೋಲ್ ಹಾಳೆಯೊಂದನ್ನು ಕಿಟಕಿಯ ಎದುರು ಬದಿಗೆ ಹಿಡಿದು ನೋಡಿ. ಅದನ್ನು ಹತ್ತಿರ ತಂದಂತೆ ನೆರಳಿನ ಕಡೆಯ ಕೆನ್ನೆ ಹೇಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಕ್ಯಾಮೆರಾ ಇಲ್ಲದೆ ಬರಿಗಣ್ಣಿನಲ್ಲಿ ಮೊದಲು ಗಮನಿಸಿ.

ರಾತ್ರಿ ಗಾಡಿಗಳ ದೀಪ ಉದ್ದ ಗೆರೆ ಥರ ಬರುತ್ತಲ್ಲ, ಅದನ್ನು ವಿಧಾನಸೌಧದ ಮುಂದೆ ಹೇಗೆ ತೆಗೆಯೋದು?

ವಿಧಾನಸೌಧಕ್ಕೆ ದೀಪಾಲಂಕಾರವಿರುವ ಭಾನುವಾರವನ್ನೋ ಸಾರ್ವಜನಿಕ ರಜಾದಿನವನ್ನೋ ಆರಿಸಿಕೊಳ್ಳಿ. ಸೂರ್ಯ ಮುಳುಗಿದ ಮೇಲಿನ ಸುಮಾರು ಅರ್ಧ ಗಂಟೆಯಲ್ಲಿ ಆಕಾಶ ಇನ್ನೂ ಗಾಢ ನೀಲಿಯಾಗಿರುತ್ತದೆ, ದೀಪಗಳೂ ಹೊತ್ತಿರುತ್ತವೆ. ಆಮೇಲೆ ಆಕಾಶ ಬರೀ ಕಪ್ಪು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಟೆಬಿಲೈಸೇಷನ್ ಆಫ್ ಮಾಡಿ, ಐಎಸ್‌ಒ 100, ಎಫ್ 11, 10ರಿಂದ 15 ಸೆಕೆಂಡ್‌ನಿಂದ ಆರಂಭಿಸಿ. ಗುಂಡಿ ಒತ್ತುವ ಬೆರಳಿನಿಂದಲೇ ಕ್ಯಾಮೆರಾ ನಡುಗುವುದರಿಂದ 2 ಸೆಕೆಂಡಿನ ಟೈಮರ್ ಬಳಸಿ. ಕಟ್ಟಡದ ಅಂಚಿನ ಮೇಲೆ ಫೋಕಸ್ ಮಾಡಿಕೊಂಡು ಮ್ಯಾನುಯಲ್‌ಗೆ ಬದಲಾಯಿಸಿದರೆ ಕತ್ತಲಾದಂತೆ ಫೋಕಸ್ ತಡಕಾಡುವುದಿಲ್ಲ. ಸಿಗ್ನಲ್ ಹಸಿರಾದ ಕೂಡಲೇ ಆರಂಭಿಸಿದರೆ ಗೆರೆಗಳು ಚೌಕಟ್ಟಿನ ಈ ತುದಿಯಿಂದ ಆ ತುದಿಯವರೆಗೆ ಮುರಿಯದೆ ಬರುತ್ತವೆ. ಬೇರೆ ಕಡೆ ಸ್ಕೈವಾಕ್ ಮೇಲಿಂದ ತೆಗೆಯುವುದಾದರೆ ಜನ ನಡೆದಾಗ ಅದು ಕಂಪಿಸುತ್ತದೆ, ಯಾರೂ ದಾಟದ ಹೊತ್ತು ನೋಡಿ ಒತ್ತಿ. ವಿಧಾನಸೌಧದ ಸುತ್ತಮುತ್ತಲು ಭದ್ರತೆಯ ಪ್ರದೇಶವಾದ್ದರಿಂದ ಪೊಲೀಸರು ಟ್ರೈಪಾಡ್ ನೋಡಿ ವಿಚಾರಿಸಬಹುದು. ಕಾಲೇಜಿನ ಗುರುತಿನ ಚೀಟಿ ಜೇಬಿನಲ್ಲಿರಲಿ, ಬೇಡವೆಂದರೆ ಮರುಮಾತಿಲ್ಲದೆ ಮಡಚಿಕೊಂಡು ಪಾದಚಾರಿ ಮಾರ್ಗದ ಇನ್ನೊಂದು ತುದಿಗೆ ಹೋಗಿ ಕೈಯಲ್ಲೇ ಹಿಡಿದು 1/60, ಎಫ್ 2.8, ಐಎಸ್‌ಒ 1600ರಲ್ಲಿ ಕಟ್ಟಡವನ್ನಷ್ಟೇ ತೆಗೆಯಿರಿ.